ಎಷ್ಟು ಯೂರಿಯಾ ಹಾಕಿದರೂ ಕಾರ್ಬನ್ ಡಾಟ್ ಕೆಂಪಾಗ್ತಿಲ್ಲ

ಕಾರ್ಬನ್‌ಕಿಡಿ:
ಮೂರು ವಾರದಿಂದ ಇದೇ ಗೋಳು. ಕಾರ್ಬನ್ ಡಾಟ್, ಅಂದ್ರೆ ಯುವಿಗೆ ಹೊಳೆಯೋ ನ್ಯಾನೋ ಗಾತ್ರದ ಇಂಗಾಲದ ಕಣ, ಕೆಂಪಾಗಿ ಹೊಳೀಬೇಕು. ಸಿಟ್ರಿಕ್ ಆಸಿಡ್ 1 ಗ್ರಾಂ, ಯೂರಿಯಾ 2 ಗ್ರಾಂ, ಆಟೋಕ್ಲೇವ್‌ನಲ್ಲಿ (ಬಿಗಿ ಮುಚ್ಚಿದ ಒತ್ತಡದ ಪಾತ್ರೆ) 160 ಡಿಗ್ರಿ, 6 ಗಂಟೆ. ಯುವಿ ಟಾರ್ಚ್ ಹಿಡಿದರೆ ಹಸಿರು, ತೆಳು ಮಾಡಿದಷ್ಟೂ ನೀಲಿ. ನೈಟ್ರೋಜನ್ ಜಾಸ್ತಿ ಮಾಡು ಅಂದರು, ಯೂರಿಯಾ 4 ಗ್ರಾಂವರೆಗೂ ಏರಿಸಿದೆ. ಕೂದಲೆಳೆಯಷ್ಟೂ ಕದಲಲಿಲ್ಲ. 365 ನ್ಯಾನೋಮೀಟರ್ ಬೆಳಕು ಹಾಯಿಸಿ ತೆಗೆದ ಸ್ಪೆಕ್ಟ್ರಮ್‌ನಲ್ಲಿ 730ರ ಹತ್ರ ಸೂಜಿಮೊನೆಯಂಥ ಪೀಕ್ ಒಂದಿದೆ. ಅದೇ ಕೆಂಪು ಇರಬಹುದಾ? ಸೋಮವಾರ ಗೈಡ್‌ಗೆ ತೋರಿಸಬೇಕು.

ಬೀಕರ್‌ಬುಡ:
ಡಯಾಲಿಸಿಸ್ ಮಾಡಿಲ್ಲ ಅಲ್ವಾ? ಅದೇ, ಸಣ್ಣ ಅಣುಗಳು ಸೋರಿಹೋಗೋ ಪೊರೆಚೀಲದಲ್ಲಿ ಹಾಕಿ ನೀರಲ್ಲಿ ತೊಳೆಯೋದು. ಸಿಟ್ರಾಜಿನಿಕ್ ಆಸಿಡ್ ಥರದ ಸಣ್ಣ ಅಣುಗಳೇ ಜೋರಾಗಿ ನೀಲಿ ಹೊಳೀತವೆ. 1000 ಡಾಲ್ಟನ್ (ಅಣುತೂಕದ ಅಳತೆ) ಬ್ಯಾಗ್‌ನಲ್ಲಿ 2 ದಿನ ಬಿಡಿ. ಕ್ವಾಂಟಮ್ ಡಾಟ್‌ನ ಕೆಂಪು ಬ್ಯಾಗ್ ಒಳಗೇ ಅಡಗಿರುತ್ತೆ.

ಕಾರ್ಬನ್‌ಕಿಡಿ:
ಬಿಟ್ಟೆ. ಬ್ಯಾಗ್ ಹೊರಗಿನ ನೀರೇ ಫಳಫಳ ಹೊಳೀತಿದೆ. ಒಳಗೆ ಮಂಕು ಹಸಿರು. ಕೆಂಪಿಲ್ಲ.

ಬೀಕರ್‌ಬುಡ:
ಇನ್ನೂ ಪೂರ್ತಿ ತೊಳೆದಿಲ್ಲ. ನೀರು ಬದಲಿಸಿ ಮತ್ತೆ 2 ದಿನ.

ಗ್ರಾಫೀನ್‌ಗೌಡ:
ಎಷ್ಟು ತೊಳೆದರೂ ಇಲ್ಲದ ಕೆಂಪು ಹುಟ್ಟಲ್ಲ ಸಾರ್. ಮತ್ತೆ ಇದನ್ನ ಕ್ವಾಂಟಮ್ ಡಾಟ್ ಅನ್ನಬೇಡಿ. ಅದು ಗಾತ್ರದಿಂದಲೇ ಬಣ್ಣ ಬದಲಾಗೋ ಅರೆವಾಹಕ ಕಣದ ಹೆಸರು; ಗಾತ್ರ ನೋಡಿ ಬಣ್ಣ ಹೇಳೋದು ಕ್ಯಾಡ್ಮಿಯಂ ಸೆಲೆನೈಡ್‌ಗೆ ಸರಿ. ಇಲ್ಲಿ ಮೇಲ್ಮೈ ಗುಂಪುಗಳದ್ದೂ ಪಾಲಿದೆ.

ಬೀಕರ್‌ಬುಡ:
ಪೇಪರ್‌ಗಳಲ್ಲೇ ಹಾಗೆ ಬರೀತಾರೆ. ಹೆಸರು ಹಿಡಿದು ಜಗ್ಗಾಡೋಕೆ ಇದು ಜಾಗ ಅಲ್ಲ.

ಹಳೇಫರ್ನೇಸ್:
ನಮ್ಮಲ್ಲಿ ಹೊಸ ಮೈಕ್ರೋವೇವ್ ರಿಯಾಕ್ಟರ್ ಬಂದಿದೆ, ಒತ್ತಡ ಲೈವ್ ಕಾಣುತ್ತೆ, 10 ನಿಮಿಷಕ್ಕೆ ಒಂದು ಬ್ಯಾಚ್. ಆಟೋಕ್ಲೇವ್ ಮುಟ್ಟಿ ವರ್ಷವಾಯ್ತು. ಫೋಟೋ ಹಾಕ್ತೀನಿ.

ಮಲೆನಾಡ್‌ಮೇಷ್ಟ್ರು:
ದ್ರಾವಕ ಯಾವುದು ಅಂತ ಯಾರೂ ಕೇಳಲೇ ಇಲ್ವಲ್ಲ! ನೀರಾ?

ಕಾರ್ಬನ್‌ಕಿಡಿ:
ಹೌದು, ನೀರೇ. ಹೈಡ್ರೋಥರ್ಮಲ್ ಅಂದಮೇಲೆ ನೀರು ತಾನೇ?

ಮಲೆನಾಡ್‌ಮೇಷ್ಟ್ರು:
ಎಡವಿದ್ದು ಅಲ್ಲೇ. ಇದೇ ಎರಡು ಪುಡಿ ಡಿಎಂಎಫ್‌ನಲ್ಲಿ (ಡೈಮೀಥೈಲ್ ಫಾರ್ಮಮೈಡ್ ಅನ್ನೋ ಸಾವಯವ ದ್ರಾವಕ) ಬೆಂದರೆ ಕಿತ್ತಳೆ-ಕೆಂಪು ಬರುತ್ತೆ. ನೀರು ಕಳಚಿಕೊಂಡು ಕೂಡುವ ಕ್ರಿಯೆ ಅಲ್ಲಿ ಚೆನ್ನಾಗಿ ಮುಂದೆ ಸಾಗಿ ಎಸ್‌ಪಿ2 ಭಾಗ (ಗ್ರಾಫೈಟ್ ಥರ ಹೆಣೆದುಕೊಂಡ ಇಂಗಾಲ) ಹಿಗ್ಗುತ್ತೆ, ಎನರ್ಜಿ ಗ್ಯಾಪ್ ಕಿರಿದಾಗುತ್ತೆ, ಹೊಳಪು ಕೆಂಪಿನ ಕಡೆ ಸರಿಯುತ್ತೆ. ನೀರಲ್ಲಿ ಯೂರಿಯಾ ಎಷ್ಟು ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

730ರ ಪೀಕ್ ನಂಬಬೇಡಿ. 365ರ ಎರಡರಷ್ಟು ಎಷ್ಟು? ಬೆಳಕು ಬಿಡಿಸೋ ಗ್ರೇಟಿಂಗಿನ ಸೆಕೆಂಡ್ ಆರ್ಡರ್ ಅದು, ಅಂದ್ರೆ ಹಾಯಿಸಿದ ಬೆಳಕೇ ಎರಡರಷ್ಟು ತರಂಗಾಂತರದಲ್ಲಿ ಸುಳ್ಳು ಪೀಕ್ ಆಗಿ ಕಾಣೋದು. ಎಕ್ಸೈಟೇಶನ್ (ಹಾಯಿಸೋ ಬೆಳಕು) 360ಕ್ಕೆ ಇಳಿಸಿ, ಪೀಕ್ 720ಕ್ಕೆ ಜಾರುತ್ತೆ. ಕೆಂಪು ಹುಡುಕೋದಾದರೆ 540ರಲ್ಲಿ ಎಕ್ಸೈಟ್ ಮಾಡಿ. ತೆಳು ಮಾಡಿದಾಗ ನೀಲಿಯಾಗೋದಕ್ಕೆ ಮರುಹೀರಿಕೆ ಕಾರಣ ಇರಬಹುದು: ಗಟ್ಟಿ ದ್ರಾವಣ ತನ್ನ ನೀಲಿಯನ್ನ ತಾನೇ ಹೀರಿಕೊಳ್ಳುತ್ತೆ. ಅಬ್ಸಾರ್ಬೆನ್ಸ್ (ಬೆಳಕು ಹೀರೋ ಅಳತೆ) 0.1ರ ಕೆಳಗಿಟ್ಟು ಅಳೆಯಿರಿ.

ಜೋಪಾನ: ಯೂರಿಯಾ ಒಡೆದು ಅಮೋನಿಯಾ ಬರುತ್ತೆ, ಒತ್ತಡ ಏರುತ್ತೆ. ಟೆಫ್ಲಾನ್ ಲೈನರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಪೂರ್ತಿ ಆರಿದ ಮೇಲೆ ಫ್ಯೂಮ್ ಹುಡ್‌ನಲ್ಲೇ ಬಿಚ್ಚಿ.

ಹಳೇಫರ್ನೇಸ್:
ಫೋಟೋ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಎಷ್ಟಿರಬೇಕು?

ಕಾರ್ಬನ್‌ಕಿಡಿ:
ಮೇಷ್ಟ್ರೇ, ಬಂತು! ಡಿಎಂಎಫ್‌ನಲ್ಲಿ ನೇರಳೆ ಹಣ್ಣಿನ ರಸದ ಥರ ಆಗಿದೆ, 540ರಲ್ಲಿ ಎಕ್ಸೈಟ್ ಮಾಡಿದರೆ ಅಗಲವಾದ ಕೆಂಪು ಪೀಕ್. ಆದರೆ ನೀರಿಗೆ ಹಾಕಿದ ತಕ್ಷಣ ಮಂಕಾಯ್ತು. ನನಗೆ ಬೇಕಿರೋದು ನೀರಲ್ಲೇ, ಜೀವಕೋಶದ ಇಮೇಜಿಂಗ್‌ಗೆ. ಮೊದಲೇ ಹೇಳಬೇಕಿತ್ತು. ಈಗೇನು ಮಾಡಲಿ?

ಬೀಕರ್‌ಬುಡ:
ಡಯಾಲಿಸಿಸ್.