ಪೋಕರ್ ಕಲಿತಷ್ಟೂ ಧೈರ್ಯ ಕಡಿಮೆಯಾಗ್ತಿದೆ, ನಿಮಗೂ ಹೀಗಾಗಿತ್ತಾ?

ಬನಶಂಕರಿಯಿಂದ ಪ್ರಶ್ನೆ:
ನಮ್ಮದು ಶನಿವಾರ ರಾತ್ರಿಯ ಗುಂಪು. ಗೆಳೆಯನ ಮನೆಯಲ್ಲಿ ಸೇರಿ ಟೆಕ್ಸಸ್ ಹೋಲ್ಡೆಮ್ (ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ ಇರುವ ಪೋಕರ್) ಆಡುತ್ತೇವೆ. ದುಡ್ಡು ಕಟ್ಟುವುದಿಲ್ಲ, ಬರೀ ಚಿಪ್ಸ್. ಮೊದಲು ಬ್ಲಫ್ ಮಾಡಲು (ಎಲೆ ಚೆನ್ನಾಗಿಲ್ಲದಿದ್ದರೂ ಬೆಟ್ ಹಾಕಿ ಹೆದರಿಸಲು) ನನಗೆ ಒಂದು ಕ್ಷಣವೂ ಬೇಕಿರಲಿಲ್ಲ. ಆಮೇಲೆ ಸರಿಯಾಗಿ ಕಲಿಯೋಣ ಅಂತ ರೇಂಜ್ (ಎದುರಿನವರ ಹತ್ತಿರ ಇರಬಹುದಾದ ಎಲೆಗಳ ಪಟ್ಟಿ), ಪಾಟ್ ಆಡ್ಸ್ (ಪಾಟ್, ಅಂದರೆ ಮಧ್ಯದಲ್ಲಿ ಸೇರಿದ ಚಿಪ್ಸ್‌ಗೆ ಹೋಲಿಸಿ ಕಾಲ್ ಲಾಭವಾ ಅನ್ನೋ ಲೆಕ್ಕ), ಸಾಲ್ವರ್ (ಸರಿಯಾದ ಆಟ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್) ಎಲ್ಲಾ ಹಿಡಿದುಕೊಂಡು ಕೂತೆ. ಈಗ ಪ್ರತಿ ಬೆಟ್‌ಗೂ ತಲೆ ಬಿಸಿ. ಕಾಲ್ ಮಾಡಿದರೂ (ಬೆಟ್‌ನಷ್ಟೇ ಚಿಪ್ಸ್ ಹಾಕಿದರೂ) ತಪ್ಪು ಅನ್ನಿಸುತ್ತದೆ, ಫೋಲ್ಡ್ ಮಾಡಿದರೂ (ಎಲೆ ಬಿಟ್ಟರೂ) ತಪ್ಪು ಅನ್ನಿಸುತ್ತದೆ. ಸೋಲೂ ಜಾಸ್ತಿ ಆಗಿದೆ. ಓದುವುದನ್ನೇ ಬಿಟ್ಟುಬಿಡಲಾ? ಈ ಹಂತ ದಾಟಿದವರು ಹೇಗೆ ದಾಟಿದ್ರಿ, ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ:
ಬಿಡಬೇಡಿ ಸರ್. ನನಗೂ ಹೀಗೇ ಆಗಿತ್ತು, ನಮ್ಮ ಗುಂಪಿನಲ್ಲಿ ಓದಲು ಕೂತವರಿಗೆಲ್ಲಾ ಆಗಿದೆ. ಮೊದಲು ನೀವು ನೋಡುತ್ತಿದ್ದದ್ದು ನಿಮ್ಮ ಎರಡು ಎಲೆ ಮಾತ್ರ. ಏಸ್ ಬಂತು, ಖುಷಿ, ಬೆಟ್. ಈಗ ಎದುರಿನವರ ಹತ್ತಿರ ಏನೇನಿರಬಹುದು, ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆಯಾಗಿ) ಯಾವ ಎಲೆ ಬಿದ್ದರೆ ಅವರಿಗೆ ಲಾಭ, ನನ್ನ ಬೆಟ್ ನೋಡಿ ಅವರು ಏನಂದುಕೊಳ್ಳುತ್ತಾರೆ, ಇಷ್ಟೂ ಒಟ್ಟೊಟ್ಟಿಗೇ ಕಾಣುತ್ತಿದೆ. ಸಂಗೀತ ಪಾಠಕ್ಕೆ ಸೇರಿದವರಿಗೆ ಮೊದಲು ಕೇಳಿಸಲು ಶುರುವಾಗೋದು ತಮ್ಮದೇ ಅಪಸ್ವರ. ಇದೂ ಹಾಗೇ.

ಸಾಲ್ವರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರೆ ನನ್ನ ತಲೆಭಾರ ಇಳಿದಿದ್ದು ಅದು ಅರ್ಥವಾದ ಮೇಲೇ. ಒಂದೇ ಹ್ಯಾಂಡ್‌ಗೆ 60% ಕಾಲ್, 40% ಫೋಲ್ಡ್ ಅಂತ ತೋರಿಸುತ್ತದೆ ಅಲ್ವಾ? ಅದನ್ನು ನೋಡಿದ ತಕ್ಷಣ ಇದರಲ್ಲಿ ಯಾವುದು ಸರಿ ಅಂತ ಒದ್ದಾಟ ಶುರು. ಆದರೆ ಹಾಗೆ ಎರಡೂ ಬೆರೆತಿದ್ದರೆ, ಆ ಲೆಕ್ಕದ ಪ್ರಕಾರ ಎರಡರಿಂದಲೂ ಸಿಗುವ ಫಲ ಹೆಚ್ಚುಕಡಿಮೆ ಒಂದೇ. ಒಂದು ನಿಜಕ್ಕೂ ಮೇಲಾಗಿದ್ದರೆ ಸಾಲ್ವರ್ ಅದನ್ನೇ 100% ಆರಿಸುತ್ತಿತ್ತು. ನೀವು ಮನೆಗೆ ಹೋಗಿ ಮಲಗಿದ ಮೇಲೂ ಕೊರಗುವ ಎಷ್ಟೋ ಕಾಲ್‌ಗಳು ಇಂಥವೇ ಇರುತ್ತವೆ, ಯಾವ ಕಡೆ ಹೋಗಿದ್ದರೂ ಏನೂ ನಷ್ಟವಿರಲಿಲ್ಲ. ನಿಜವಾಗಿ ಚಿಪ್ಸ್ ಹೋಗುವುದು ಬೇರೆ ಕಡೆ: ಮೊದಲ ಸೀಟಿನಿಂದಲೇ ಕಿಂಗ್-9 ತರದ ಎಲೆ ಹಿಡಿದು ಆಡುವುದು, ಒಂದೇ ಜೋಡಿ ಇಟ್ಟುಕೊಂಡು ಮೂರು ದೊಡ್ಡ ಬೆಟ್ ಕಾಲ್ ಮಾಡುವುದು. ಮೊದಲು ಅವನ್ನು ನೋಡಿಕೊಳ್ಳಿ.

ಇನ್ನೊಂದು. ಎದುರಿನವರೂ ತಪ್ಪೇ ಮಾಡುವುದಿಲ್ಲ ಅಂದುಕೊಂಡು ಸಾಲ್ವರ್ ಉತ್ತರ ಕೊಡುತ್ತದೆ. ಶನಿವಾರದ ಮೇಜಿನಲ್ಲಿ ಅಂಥವರು ಯಾರಿದ್ದಾರೆ? ಜೋಡಿ ಸಿಕ್ಕರೆ ಸಾಕು, ಏನು ಮಾಡಿದರೂ ಫೋಲ್ಡ್ ಮಾಡದ ಒಬ್ಬ ಗೆಳೆಯ ಎಲ್ಲಾ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಬ್ಲಫ್ ಮಾಡಿ ಸೋತು, ಓದಿದ್ದೆಲ್ಲಾ ಸುಳ್ಳು ಅಂದುಕೊಳ್ಳಬೇಡಿ. ಒಳ್ಳೆ ಎಲೆ ಬಂದಾಗ ಅವನಿಗೆ ದೊಡ್ಡ ಬೆಟ್ ಹಾಕಿ, ಅಷ್ಟೇ.

ವೈಟ್‌ಫೀಲ್ಡ್‌ನಿಂದ:
ಸೋಲು ಜಾಸ್ತಿ ಆಗಿದೆ ಅಂದ್ರಲ್ಲ, ನಾನು ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಆಫೀಸಿನಲ್ಲಿ ನನ್ನ ಕೆಲಸವೇ ಅಂಕಿ-ಅಂಶ, ಹಾಗಾಗಿ ಈ ಲೆಕ್ಕ ನನಗೆ ತುಂಬಾ ಸಮಾಧಾನ ಕೊಟ್ಟಿದೆ. ಜೋಡಿ ಏಸ್ ಹಿಡಿದು ಜೋಡಿ ಕಿಂಗ್ ಎದುರು ಎಲ್ಲಾ ಚಿಪ್ಸ್ ತಳ್ಳಿದರೂ ನೂರರಲ್ಲಿ ಸುಮಾರು 18 ಸಲ ಸೋಲುತ್ತೀರಿ. ಈಗ ಒಬ್ಬ ಒಳ್ಳೆ ಆಟಗಾರ 100 ಹ್ಯಾಂಡ್‌ಗೆ ಸರಾಸರಿ 5 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬರು ಕಟ್ಟಲೇಬೇಕಾದ ಬೆಟ್, ಅದೇ ಇಲ್ಲಿ ಅಳತೆ) ಗೆಲ್ಲುತ್ತಾನೆ ಅಂತಿಟ್ಟುಕೊಳ್ಳಿ. ಅದೇ 100 ಹ್ಯಾಂಡ್‌ನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 90 ಬಿಗ್ ಬ್ಲೈಂಡ್ ಆಸುಪಾಸು ಇರುತ್ತದೆ. 10,000 ಹ್ಯಾಂಡ್ ಆದ ಮೇಲೆ ಗಳಿಕೆ 500 ಆಗಿರಬೇಕು, ಏರಿಳಿತ 900. ಅಷ್ಟೆಲ್ಲಾ ಆಡಿದ ಮೇಲೂ ಅವನು ನಷ್ಟದಲ್ಲೇ ಇರುವ ಸಾಧ್ಯತೆ ಹತ್ತಿರ ಹತ್ತಿರ 29%. ಮನೆ ಆಟದಲ್ಲಿ ಗಂಟೆಗೆ 25-30 ಹ್ಯಾಂಡ್ ಆಗುತ್ತದೆ. ವಾರಕ್ಕೊಂದು ರಾತ್ರಿ ಆಡಿ 10,000 ಮುಟ್ಟಬೇಕಂದ್ರೆ ಎರಡು ವರ್ಷ ಹಿಡಿಯುತ್ತದೆ! ಕೆಲವು ಶನಿವಾರ ನೋಡಿ ನಿಮ್ಮ ಆಟ ಕೆಟ್ಟಿದೆ ಅಂತ ತೀರ್ಪು ಕೊಡಲು ಆಗುವುದೇ ಇಲ್ಲ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತಮ್ಮ ಲಿಬ್ರಾಟಸ್ ಪ್ರೋಗ್ರಾಂ ಅನ್ನು ನಾಲ್ಕು ವೃತ್ತಿಪರ ಆಟಗಾರರ ಎದುರು 1,20,000 ಹ್ಯಾಂಡ್ ಆಡಿಸಿದರು. ಅದೃಷ್ಟದ ಪಾಲು ಕಳೆದು ಯಾರು ಮೇಲು ಅಂತ ಹೇಳಲು ಅಷ್ಟು ಬೇಕಾಗುತ್ತದೆ.

ಆರ್.ಟಿ. ನಗರದಿಂದ:
ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಮೇಜಿನಲ್ಲಿ ಕೂತಾಗ ಏನು ಮಾಡಬೇಕು ಅನ್ನೋದು ಬಂದಿಲ್ಲ. ನನ್ನ ಪದ್ಧತಿ ಹೇಳುತ್ತೇನೆ. ಓದು ಬೇರೆ ದಿನ, ಆಟ ಬೇರೆ ದಿನ. ಒಂದು ಸಲಕ್ಕೆ ಒಂದೇ ಸಂಗತಿ ಹಿಡಿಯುವುದು, ಉದಾಹರಣೆಗೆ ಬಿಗ್ ಬ್ಲೈಂಡ್ ಸೀಟಿನಿಂದ ಕಾಲ್ ಮಾಡಿದ ಮೇಲೆ ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ ತೆರೆದಾಗ) ಏನು ಮಾಡುವುದು ಅನ್ನೋದಷ್ಟೇ. ಅದು ಕೈಗೆ ಹತ್ತುವವರೆಗೆ ಬೇರೆ ಪಾಠ ಮುಟ್ಟುವುದಿಲ್ಲ. ಆಟದ ಮಧ್ಯೆ ಬೇಕಾಗುವ ಲೆಕ್ಕ ಸ್ವಲ್ಪವೇ, ಅದನ್ನು ಮಗ್ಗಿ ತರ ಬಾಯಿಪಾಠ ಮಾಡಿಬಿಡಿ: ಅರ್ಧ ಪಾಟ್ ಬೆಟ್ ಬಂದರೆ ಗೆಲ್ಲುವ ಅವಕಾಶ 25% ಬೇಕು, ಪೂರ್ತಿ ಪಾಟ್ ಬಂದರೆ 33%. ಫ್ಲಶ್‌ಗೆ (ಒಂದೇ ಚಿಹ್ನೆಯ ಐದು ಎಲೆ) ಒಂದು ಎಲೆ ಬೇಕಿದ್ದು ಇನ್ನೊಂದೇ ಎಲೆ ತೆರೆಯುವುದಿದ್ದರೆ 19-20%, ಎರಡು ತೆರೆಯುವುದಿದ್ದರೆ 35%. ಇದು ನಾಲಿಗೆ ತುದಿಯಲ್ಲಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಆಮೇಲೆ, ಅನುಮಾನ ಬಂದ ಹ್ಯಾಂಡ್ ಅನ್ನು ಫೋನಿನಲ್ಲಿ ಒಂದು ಸಾಲು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಿ. ಗೆದ್ರಾ ಸೋತ್ರಾ ಅಂತ ಬರೆಯಬೇಡಿ. ಯಾಕೆ ಕಾಲ್ ಮಾಡಿದೆ ಅನ್ನೋದನ್ನು ಮಾತ್ರ ಬರೆಯಿರಿ. ಭಾನುವಾರ ಕಾಫಿ ಕುಡಿಯುತ್ತಾ ತೆರೆದು ನೋಡಿದಾಗ, ಕಾರಣ ಗಟ್ಟಿಯಾಗಿತ್ತಾ ಇಲ್ವಾ ಅಂತ ನಿಮಗೇ ಗೊತ್ತಾಗುತ್ತದೆ.

ಜಯನಗರದಿಂದ:
ದುಡ್ಡಿಲ್ಲದೆ ಆಡುತ್ತಿದ್ದೀರಿ, ಅದು ಹಾಗೇ ಇರಲಿ ಅಂತ ಅಣ್ಣನ ಜಾಗದಲ್ಲಿ ನಿಂತು ಹೇಳುತ್ತೇನೆ. ಧೈರ್ಯ ಕುಸಿದಾಗಲೇ ದೊಡ್ಡ ಆಟಕ್ಕೆ ಕೂತು ಎಲ್ಲಾ ವಾಪಸ್ ಪಡೆಯೋಣ ಅನ್ನೋ ಆಸೆ ಬರೋದು. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ನಮ್ಮ ರಾಜ್ಯದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದು ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧ ಹಾಕಿದೆ. ಯಾರಾದರೂ ಹೊರದೇಶದ ಆ್ಯಪ್ ಲಿಂಕ್ ಕಳಿಸಿದರೆ ಮುಟ್ಟಬೇಡಿ. ಓದುತ್ತಿರುವವರಲ್ಲಿ ಯಾರಿಗಾದರೂ ಆಟ ಬಿಡಲು ಆಗುತ್ತಿಲ್ಲ, ನಿದ್ದೆ ಹೋಗಿದೆ ಅಂತಿದ್ದರೆ ನಮ್ಮ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ (ಆನ್‌ಲೈನ್ ಆಟ, ಮೊಬೈಲ್ ಚಟಕ್ಕೆ ಚಿಕಿತ್ಸೆ ಕೊಡುವ ವಿಭಾಗ) ಇದೆ, ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸಂಕೋಚ ಬೇಡ.

ಬನಶಂಕರಿಯಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಹ್ಯಾಂಡ್ ತಲೆಯಿಂದ ಹೋಗುತ್ತಿಲ್ಲ, ಕೇಳಿಯೇ ಬಿಡುತ್ತೇನೆ. ನನ್ನದು ಏಸ್-ಕ್ವೀನ್. ಫ್ಲಾಪ್ ಕ್ವೀನ್-8-3, ಅದರಲ್ಲಿ ಎರಡು ಆಟೀನ್. ಟರ್ನ್ 6, ರಿವರ್ (ಐದನೇ, ಕೊನೆಯ ಎಲೆ) 2, ಎರಡೂ ಆಟೀನ್ ಅಲ್ಲ. ಅಲ್ಲಿಯವರೆಗೆ ಸುಮ್ನೆ ಕಾಲ್ ಮಾಡುತ್ತಿದ್ದ ಗೆಳೆಯ ರಿವರ್‌ನಲ್ಲಿ ಪೂರ್ತಿ ಪಾಟ್‌ನಷ್ಟು ಬೆಟ್ ಹಾಕಿದ. ನಾನು ಫೋಲ್ಡ್ ಮಾಡಿದೆ. ಅವನು ಬ್ಲಫ್ ತೋರಿಸಿದ.

ಮಲ್ಲೇಶ್ವರದಿಂದ:
ಅವನು ತೋರಿಸಿದ ಎಲೆ ಮರೆತುಬಿಡಿ, ಅದು ನಿಮಗೆ ನಿರ್ಧಾರದ ಹೊತ್ತಿನಲ್ಲಿ ಗೊತ್ತಿರಲಿಲ್ಲ. ಪೂರ್ತಿ ಪಾಟ್ ಬೆಟ್, ಹಾಗಾಗಿ ಮೂರರಲ್ಲಿ ಒಂದು ಸಲ ಗೆದ್ದರೆ ಸಾಕು. ನಿಮ್ಮನ್ನು ಸೋಲಿಸುವ ಹ್ಯಾಂಡ್ ಎಣಿಸೋಣ. ಅವನ ಕೈಯಲ್ಲಿ ಜೋಡಿ 8 (ಮೇಜಿನದೂ ಸೇರಿ ಮೂರು 8) ಇರುವುದು ಮೂರು ಬಗೆ, ಜೋಡಿ 3 ಮೂರು ಬಗೆ, ಜೋಡಿ 6 ಮತ್ತು ಜೋಡಿ 2 ಮೂರು ಮೂರು ಬಗೆ, ಅವನು ಅವನ್ನೆಲ್ಲಾ ಅಲ್ಲಿಯವರೆಗೆ ಕಾಲ್ ಮಾಡಿಕೊಂಡು ಬಂದಿದ್ದರೆ. ಒಟ್ಟು 12. ಕ್ವೀನ್-8 ತರದ ಎರಡು ಜೋಡಿ ಸ್ವಲ್ಪ ಸೇರಿಸಿಕೊಳ್ಳಿ. 12 ಇದ್ದರೆ ಸಿಕ್ಕದ ಫ್ಲಶ್‌ಗಳಲ್ಲಿ 6 ಬಗೆಯನ್ನು ಅವನು ಬ್ಲಫ್ ಮಾಡಿದರೂ ಕಾಲ್ ಸಮವಾಗುತ್ತದೆ, ಎರಡು ಆಟೀನ್ ಹಿಡಿದ ಹ್ಯಾಂಡ್‌ಗಳಂತೂ ಅದಕ್ಕಿಂತ ಎಷ್ಟೋ ಜಾಸ್ತಿ ಇವೆ. ಹಾಗಾಗಿ ಎರಡು ವಿಷಯ ನೋಡಬೇಕು. ಆ ಗೆಳೆಯ ಫ್ಲಶ್ ಸಿಕ್ಕದಿದ್ದಾಗ ಬೆಟ್ ಹಾಕುವ ಜಾತಿಯವನಾ, ಇಲ್ಲ ಸುಮ್ನೆ ಚೆಕ್ ಮಾಡುವವನಾ? ಮತ್ತೆ ನಿಮ್ಮ ಏಸ್ ಯಾವುದು? ಅದು ಆಟೀನ್ ಏಸ್ ಆಗಿದ್ದರೆ ಅವನ ಫ್ಲಶ್ ಡ್ರಾಗಳಲ್ಲಿ (ಫ್ಲಶ್‌ಗೆ ಒಂದೆಲೆ ಕಾಯುವ ಹ್ಯಾಂಡ್) ಒಂದಷ್ಟು ನಿಮ್ಮ ಕೈಯಲ್ಲೇ ಸತ್ತಿವೆ, ಅಂದರೆ ಅವನ ಬ್ಲಫ್‌ಗಳೂ ಕಡಿಮೆ, ನಿಮ್ಮ ಫೋಲ್ಡ್‌ನಲ್ಲಿ ನನಗೆ ತಪ್ಪೇನೂ ಕಾಣಿಸುವುದಿಲ್ಲ. ಬೇರೆ ಏಸ್ ಆಗಿದ್ದರೆ, ಎದುರಿಗಿರುವವನು ಬ್ಲಫ್ ಮಾಡುವವನೇ ಆಗಿದ್ದರೆ, ನಾನು ಕಾಲ್ ಮಾಡುತ್ತೇನೆ. ಯಾವ ಏಸ್ ಇತ್ತು, ನೆನಪಿದ್ದರೆ ಹೇಳಿ.