ಪದಚರ್ಚೆ: ವಿಶ್ವ ‘ಅನಂತ’ವೋ, ‘ಅಪಾರ’ವೋ, ಬರೀ ‘ಎಲ್ಲೆಯಿಲ್ಲದ್ದೋ’?

ಪ್ರಶ್ನೆ: ‘ವಿಶ್ವಕ್ಕೆ ಅಂಚಿಲ್ಲ, ಆದ್ದರಿಂದ ಅದು ಅನಂತ.’ ಖಗೋಳ ಲೇಖನವೊಂದರ ಕರಡಿನಲ್ಲಿರುವ ಸಾಲು. ಅನಂತ, ಅಪಾರ, ಎಲ್ಲೆಯಿಲ್ಲದ ಇವು ಒಂದೇ ಅರ್ಥದವೇ? ‘ಅನಂತ ಬ್ರಹ್ಮಾಂಡ’ ಎನ್ನಬಹುದೇ?

ಉತ್ತರ: ಆ ಸಾಲಿನಲ್ಲಿ ‘ಆದ್ದರಿಂದ’ ಎಂಬುದೇ ತಪ್ಪು. ಭೂಮಿಯ ಮೇಲೆ ಎಷ್ಟು ನಡೆದರೂ ಅಂಚು ಸಿಗದು; ಆದರೂ ಅದರ ಮೇಲ್ಮೈ ಸುಮಾರು 51 ಕೋಟಿ ಚದರ ಕಿ.ಮೀ., ಅಷ್ಟೇ. ಎಲ್ಲೆಯಿಲ್ಲ, ಆದರೆ ಪರಿಮಿತ. ‘ಅನಂತ’ವನ್ನು ಅಳತೆಗೇ ಕೊನೆಯಿಲ್ಲದ್ದಕ್ಕೆ ಮೀಸಲಿಡಿ.

‘ಅಪಾರ’ ಬೇರೆ. ಪಾರ ಎಂದರೆ ಆಚೆ ದಡ. ಪದಶಃ ದಡವಿಲ್ಲದ್ದು; ಬಳಕೆಯಲ್ಲಿ ದಡ ಕಾಣದಷ್ಟು ದೊಡ್ಡದು ಎಂದಷ್ಟೇ ಅರ್ಥ. ಗೋಚರ ವಿಶ್ವಕ್ಕೆ, ಎಂದರೆ ಬೆಳಕು ನಮ್ಮನ್ನು ತಲುಪಿರುವಷ್ಟು ಭಾಗಕ್ಕೆ, ಇದು ಹೇಳಿ ಮಾಡಿಸಿದ ಪದ: ತ್ರಿಜ್ಯ ಸುಮಾರು 4650 ಕೋಟಿ ಜ್ಯೋತಿರ್ವರ್ಷ. (ವಯಸ್ಸು 1380 ಕೋಟಿ ವರ್ಷವೆಂದು ತ್ರಿಜ್ಯವನ್ನೂ ಅಷ್ಟೇ ಬರೆದುಬಿಡುತ್ತಾರೆ; ಬೆಳಕು ದಾರಿಯಲ್ಲಿರುವಾಗ ವಿಶ್ವ ಹಿಗ್ಗಿದ್ದು ಲೆಕ್ಕಕ್ಕೆ ಬಂದಿರುವುದಿಲ್ಲ.)

ಬ್ರಹ್ಮಾಂಡದಲ್ಲಿ ‘ಅಂಡ’ವಿದೆ, ಮೊಟ್ಟೆಗೆ ಚಿಪ್ಪಿದೆ. ಹಾಗಾಗಿ ‘ಅನಂತ ಬ್ರಹ್ಮಾಂಡ’ ತನ್ನನ್ನೇ ಅಲ್ಲಗಳೆಯುತ್ತದೆ. ‘ಅನಂತಕೋಟಿ ಬ್ರಹ್ಮಾಂಡ’ಕ್ಕೆ ಈ ತೊಡಕಿಲ್ಲ, ಅಲ್ಲಿ ಎಣಿಕೆ ಅನಂತ, ಗಾತ್ರವಲ್ಲ. ವಿಜ್ಞಾನ ಬರಹಕ್ಕೆ ‘ವಿಶ್ವ’ವೇ ಸಾಕು.

ಇಂಥ ಬಿಗಿ ನಮಗೆ ಹೊಸದೇನಲ್ಲ. ಜೈನ ಶಾಸ್ತ್ರದಲ್ಲಿ ಸಂಖ್ಯಾತ (ಎಣಿಸಬಹುದಾದ್ದು), ಅಸಂಖ್ಯಾತ (ಎಣಿಕೆಗೆ ಸಿಗದಷ್ಟು), ಅನಂತ (ಕೊನೆಯಿಲ್ಲದ್ದು) ಬೇರೆಬೇರೆ ಮೆಟ್ಟಿಲು. ಜೀವ, ವಸ್ತುಗಳಿರುವ ಲೋಕಾಕಾಶದ ಪ್ರದೇಶಗಳು ಅಸಂಖ್ಯಾತ. ಅದರಾಚೆಯ ಬರಿದಾದ ಅಲೋಕಾಕಾಶವೂ ಸೇರಿದ ಇಡೀ ಆಕಾಶದವು ಅನಂತ. ಇಲ್ಲಿ ‘ಪ್ರದೇಶ’ವೆಂದರೆ ಇನ್ನು ಒಡೆಯಲಾಗದ ಅಣುವಿನಷ್ಟು ಜಾಗ, ಸೀಮೆಯಲ್ಲ.

ಇನ್ನೊಂದು ಉತ್ತರ: ‘ಸಮತಲ ವಿಶ್ವ’ವೂ ದಾರಿ ತಪ್ಪಿಸುತ್ತದೆ. ಓದುಗರು ರೊಟ್ಟಿಯಂಥ ಚಪ್ಪಟೆ ಎಂದುಕೊಳ್ಳುತ್ತಾರೆ. ‘ವಕ್ರತೆಯಿಲ್ಲದ’ ಎನ್ನಿ: ಎಷ್ಟು ದೊಡ್ಡ ತ್ರಿಭುಜ ಎಳೆದರೂ ಕೋನಗಳ ಮೊತ್ತ 180 ಡಿಗ್ರಿ. ವಿಶ್ವದ ಆದಿಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶವನ್ನು ಗೆಲಾಕ್ಸಿಗಳ ಹಂಚಿಕೆಯ ಅಳತೆಯೊಡನೆ ಸೇರಿಸಿದಾಗ ವಕ್ರತೆ ಸೊನ್ನೆಯೇ ಬರುತ್ತದೆ, ಹೆಚ್ಚುಕಡಿಮೆ ಶೇ 0.2ರ ಅನಿಶ್ಚಿತತೆಯೊಳಗೆ. ಇಷ್ಟಕ್ಕೇ ‘ಅನಂತ’ ಸಿದ್ಧವಾಗದು. ಹಾಳೆಯನ್ನು ಸುರುಳಿ ಸುತ್ತಿ ಅಂಚು ಅಂಟಿಸಿ: ಅದರ ಮೇಲೆ ಬರೆದ ತ್ರಿಭುಜದ ಕೋನಗಳು ಬದಲಾಗವು, ಸುತ್ತಳತೆ ಮಾತ್ರ ಪರಿಮಿತವಾಗುತ್ತದೆ. ವಿಶ್ವವೂ ಮೂರು ದಿಕ್ಕಿನಲ್ಲಿ ಹೀಗೆ ಸುತ್ತಿಕೊಂಡಿರಬಹುದು.

ಪದ ಬದಲಾದರೆ ತೀರ್ಮಾನವೂ ಬದಲಾಗುತ್ತದೆ. ವಿಶ್ವ ಈಗ ಅನಂತವಾಗಿದ್ದರೆ ಮಹಾಸ್ಫೋಟದ ಹೊತ್ತಿಗೂ ಅನಂತವೇ. ‘ಒಂದು ಬಿಂದುವಿನಿಂದ ಸಿಡಿಯಿತು’ ಎಂಬ ಸಾಲನ್ನು ಅದರ ಪಕ್ಕ ಇಡುವಂತಿಲ್ಲ. ‘ನಮ್ಮಂಥದೇ ಭೂಮಿ ಎಲ್ಲೋ ಮತ್ತೊಂದಿದೆ’ ಎಂಬ ವಾದಕ್ಕೂ ಬರೀ ‘ಅಪಾರ’ ಸಾಲದು. ‘ಅನಂತ’ವೇ ಬೇಕು, ಜೊತೆಗೆ ದ್ರವ್ಯ ಎಲ್ಲೆಡೆ ಸರಿಸುಮಾರು ಒಂದೇ ರೀತಿ ಹರಡಿದೆ ಎಂಬ ಊಹೆಯೂ ಬೇಕು.

ಕರಡಿನ ಸಾಲನ್ನು ಹೀಗೆ ತಿದ್ದಬಹುದು: ‘ವಿಶ್ವಕ್ಕೆ ಅಂಚು ಇದ್ದಂತಿಲ್ಲ, ಅದು ಅನಂತವೋ ಪರಿಮಿತವೋ ಇನ್ನೂ ತೀರ್ಮಾನವಾಗಿಲ್ಲ.’