ಪದಚರ್ಚೆ: ರಗ್ಬಿಯ ‘ಸಮ್ಮರ್ ಟೂರ್’, ‘ಕ್ಯಾಪ್’, ‘ಸ್ಕ್ವಾಡ್’ – ಕನ್ನಡದಲ್ಲಿ ಏನನ್ನೋಣ? ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ.

ಅಂತರರಾಷ್ಟ್ರೀಯ ರಗ್ಬಿ ಯೂನಿಯನ್ ಕುರಿತ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಕೊಡಬೇಕು. ಮುಕ್ಕಾಲು ಭಾಗ ಮುಗಿದಿದೆ. ಮೂರು ಮಾತುಗಳ ಹತ್ತಿರ ಬಂಡಿ ನಿಂತುಬಿಟ್ಟಿದೆ.

ಮೊದಲು ‘ಸಮ್ಮರ್ ಟೂರ್’. ಇಂಗ್ಲೆಂಡ್, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಫ್ರಾನ್ಸ್ ತಂಡಗಳು ತಮ್ಮಲ್ಲಿನ ಲೀಗ್ ಮುಗಿದ ಮೇಲೆ ದಕ್ಷಿಣ ಗೋಳಕ್ಕೆ ಹೋಗಿ ಆಡುವ ಸರಣಿ ಇದು. ‘ಬೇಸಿಗೆ ಪ್ರವಾಸ’ ಅಂತ ಬರೆದೆ. ಎರಡೇ ಸಾಲಿಗೆ ಎಡವಿದೆ. 2022ರ ಜುಲೈನಲ್ಲಿ ಐರ್ಲೆಂಡ್ ನ್ಯೂಜಿಲೆಂಡ್‌ಗೆ ಹೋಗಿ ಸರಣಿಯನ್ನು 2-1ರಿಂದ ಗೆದ್ದಿತಲ್ಲ, ಆಗ ಅಲ್ಲಿ ನಟ್ಟನಡು ಚಳಿಗಾಲ. ಬೇಸಿಗೆ ಇದ್ದದ್ದು ಹೊರಟ ಕಡೆ. ಕನ್ನಡ ಓದುವವರಿಗೆ ಜುಲೈ ಅಂದರೆ ಮಳೆ. ಒಂದೇ ಪದಕ್ಕೆ ಮೂರು ಹವೆ.

ಆಮೇಲೆ ‘ಕ್ಯಾಪ್’, ಅದರ ಬೆನ್ನಿಗೇ ‘ಅನ್‌ಕ್ಯಾಪ್ಡ್’. ವೇಲ್ಸ್‌ನ ಆಲನ್ ವಿನ್ ಜೋನ್ಸ್ ಹೆಸರಿನಲ್ಲಿ 170 ಕ್ಯಾಪ್ ಇವೆ. ‘ದೇಶಕ್ಕಾಗಿ 170 ಪಂದ್ಯ’ ಅಂತ ಬರೆದಿದ್ದೇನೆ. ಸರಿ ಇದೆಯಾ? ಲೇಖನದ ಜೊತೆ ಒಂದು ಹಳೆಯ ಕ್ಯಾಪಿನ ಚಿತ್ರವೂ ಇದೆ. ಕಡುನೀಲಿ ಮಖಮಲ್ಲು. ಅಂಚಿಗೆ ಜರಿ. ನೆತ್ತಿಯಿಂದ ಕಿವಿಯ ಮೇಲಕ್ಕೆ ಜೋತುಬಿದ್ದ ಕುಚ್ಚು. ಚಿತ್ರದ ಅಡಿಗೆ ಒಂದು ಸಾಲು ಬೇಕು.

ಕೊನೆಗೆ ‘ಸ್ಕ್ವಾಡ್’. 2025ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ಮೊದಲು ಆರಿಸಿದ್ದು 38 ಜನರನ್ನು. ಒಂದು ಪಂದ್ಯಕ್ಕೆ ಹೆಸರಿಸುವುದು 23. ಸೀಟಿ ಊದಿದಾಗ ಅಂಗಳದಲ್ಲಿ ಇರುವವರು 15. ಮೂರಕ್ಕೂ ‘ತಂಡ’ ಅಂದೆ. ‘ತಂಡದಲ್ಲಿದ್ದರೂ ತಂಡದಲ್ಲಿ ಜಾಗ ಸಿಗಲಿಲ್ಲ’ ಅನ್ನುವಂಥ ವಾಕ್ಯ ಹುಟ್ಟಿತು.

ದಯವಿಟ್ಟು ರಾತ್ರಿಯೊಳಗೆ ಹೇಳಿ.

———

> ಬೇಸಿಗೆ ಪ್ರವಾಸ

‘ಪ್ರವಾಸ’ ಬೇಡ. ‘ತಿರುಗಾಟ’ ಅನ್ನಿ. ಯಕ್ಷಗಾನ ಮೇಳದವರು ಊರೂರು ಸುತ್ತಿ ಆಟ ಆಡುವುದಕ್ಕೆ ಇರುವ ಮಾತೇ ಅದು. ‘ಈ ವರ್ಷದ ತಿರುಗಾಟ’ ಅಂದರೆ ಎಷ್ಟು ಆಟ, ಯಾರು ಯಾರು ಇದ್ದಾರೆ, ಎಲ್ಲ ಅದರಲ್ಲೇ ಬಂತು. ತಿರುಗು, ಆಟ. ಎರಡೂ ನಮ್ಮವು. ಆಡಲು ತಿರುಗುವುದೇ ತಿರುಗಾಟ. ಇದಕ್ಕಿಂತ ಹೊಂದುವ ಪದ ಬೇಕಾ?

———

ಅಲ್ಲಿ ‘ಆಟ’ ಪ್ರತ್ಯಯ. ಹೋರಾಟ, ನರಳಾಟ, ಹುಡುಕಾಟ. ಇವುಗಳಲ್ಲಿ ಯಾವ ಆಟ ಕಂಡಿರಿ? ಬಿಡಿಸಿ ಅರ್ಥ ಹೇಳುವ ಹುರುಪಿನಲ್ಲಿ ಇಲ್ಲದ್ದನ್ನು ತುರುಕಬೇಡಿ.

———

ಪ್ರತ್ಯಯವೂ ಆ ‘ಆಟ’ದಿಂದಲೇ ಬಂದದ್ದು. ಮೇಳದವರ ಬಳಕೆ ಇರುವುದಂತೂ ನಿಜ ತಾನೇ? ಬಳಕೆಗಿಂತ ದೊಡ್ಡ ಪುರಾವೆ ಯಾವುದು?

———

‘ಪ್ರವಾಸ’ವನ್ನು ಸುಮ್ನೆ ದೂಡಬೇಡಿ. ಇವತ್ತು ಆ ಮಾತು ಕೇಳಿದರೆ ಬಸ್ಸು, ಕ್ಯಾಮೆರಾ, ಎರಡು ದಿನದ ರಜೆ ನೆನಪಾಗುತ್ತವೆ. ಆದರೆ ಅದರೊಳಗೆ ಇರುವುದು ‘ವಾಸ’. ಮನೆ ಬಿಟ್ಟು ದೂರದಲ್ಲಿ ಇರುವುದು. ಹಳೆಯ ರಗ್ಬಿ ಟೂರ್ ಅಂದರೆ ಅದೇ ಆಗಿತ್ತು. 1888ರಲ್ಲಿ ಬ್ರಿಟಿಷ್ ದ್ವೀಪಗಳಿಂದ ಹೊರಟ ಮೊದಲ ತಂಡ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ 35 ರಗ್ಬಿ ಪಂದ್ಯ ಆಡಿತು. ಹಡಗಿನ ಕಾಲ, ತಿಂಗಳುಗಟ್ಟಲೆ ಮನೆ ಇಲ್ಲ. ನಾಯಕ ರಾಬರ್ಟ್ ಸೆಡನ್ ಆಸ್ಟ್ರೇಲಿಯಾದ ಹಂಟರ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಅವರನ್ನು ಮೇಟ್‌ಲೆಂಡ್‌ನಲ್ಲೇ ಮಣ್ಣು ಮಾಡಿ ಉಳಿದವರು ಆಟ ಮುಂದುವರಿಸಿದರು. ಇದನ್ನು ‘ತಿರುಗಾಟ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯಿಂದ ದೂರ ಅನ್ನುವ ನೋವು ಆ ಮಾತಿನಲ್ಲಿ ಇಲ್ಲ.

ಕ್ರಿಕೆಟ್‌ನಲ್ಲಿ ‘ಪ್ರವಾಸಿ ತಂಡ’, ‘ಆತಿಥೇಯರು’ ಅಂತ ಬೇರೂರಿದೆ. ಅದನ್ನೇ ಬಳಸಿ.

‘ಬೇಸಿಗೆ’ಯನ್ನು ಮಾತ್ರ ಕಿತ್ತುಹಾಕಿ. ‘ಜುಲೈ ಪ್ರವಾಸ’ ಸಾಕು.

———

‘ಜುಲೈ ಪ್ರವಾಸ’ ಹಳೆಯ ಸರಣಿಗಳಿಗೆ ಹೊಂದುವುದಿಲ್ಲ. ಈ ಪಂದ್ಯಗಳ ಕಾಲ ಜೂನ್‌ನಿಂದ ಜುಲೈಗೆ ಸರಿದದ್ದು 2020ರ ಸುಮಾರಿಗೆ. ಇಂಗ್ಲೆಂಡ್ ತಂಡ ಬ್ರಿಸ್ಬೇನ್‌ನಲ್ಲಿ 76-0 ಸೋತದ್ದು 1998ರ ಜೂನ್ 6ರಂದು. ಅದನ್ನು ‘ಜುಲೈ ಪ್ರವಾಸ’ ಅಂದರೆ ತಪ್ಪು. ‘ನಡುವರ್ಷದ ಪ್ರವಾಸ’ ಅನ್ನಿ.

———

‘ನಡುವರ್ಷ’ ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು, ವ್ಯಾಕರಣದಲ್ಲಿ ದೋಷ.

———

‘ಮಂಗಳಾರತಿ’ ಅರಿಸಮಾಸ ಅಲ್ವಾ? ‘ಚಳಿಗಾಲ’? ಮೂಲ ಪ್ರಶ್ನೆಯಲ್ಲೇ ‘ಚಳಿಗಾಲ’ ಇದೆ, ಆಗ ಯಾರಿಗೂ ಕಣ್ಣು ಚುಚ್ಚಲಿಲ್ಲ.

———

‘ಕಾಲ’ ಸಮಸಂಸ್ಕೃತ, ಎರಡೂ ಭಾಷೆಗೆ ಸಮವಾಗಿ ಸಲ್ಲುವ ಪದ. ಅದಕ್ಕೆ ದೋಷ ಹತ್ತುವುದಿಲ್ಲ. ‘ನಡುವರುಷ’ ಅಂತ ಬೇಕಾದರೆ ಬರೆಯಿರಿ.

———

ನಾನೇ, ಪ್ರಶ್ನೆ ಕೇಳಿದವಳು. ಸಮಾಸದ ಮಾತು ಆಮೇಲೆ ಆಗಬಹುದು. ‘ಕ್ಯಾಪ್’ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಬೇಗ ಹೇಳಿ. ಹಾಗೇ ಇನ್ನೊಂದು ಸಾಲು ನೋಡಿಕೊಡಿ: ‘2025ರ ನ್ಯೂಜಿಲೆಂಡ್ ಪ್ರವಾಸಕ್ಕೆ ಫ್ರಾನ್ಸ್ ತನ್ನ ಪ್ರಮುಖ ಆಟಗಾರರಿಗೆ ಕೊಕ್ ಕೊಟ್ಟಿತು.’

———

ಹದಿನೈದು ವರ್ಷ ಪತ್ರಿಕೆಯ ಕ್ರೀಡಾ ಪುಟದಲ್ಲಿ ಕೆಲಸ ಮಾಡಿದವನು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ‘ಕೊಕ್’ ತೆಗೆಯಿರಿ. ಕೊಕ್ ಅಂದರೆ ಬೇಡ ಅಂತ ಹೊರಗಿಟ್ಟದ್ದು. ಚೆನ್ನಾಗಿ ಆಡದವನಿಗೆ ಕೊಡುವುದು. ಫ್ರಾನ್ಸ್‌ನಲ್ಲಿ ಆದದ್ದು ಅದಲ್ಲ. ಅಲ್ಲಿನ ಟಾಪ್ 14 ಲೀಗ್‌ನ ಫೈನಲ್ ಜೂನ್ 28ಕ್ಕೆ, ಡನೀಡನ್‌ನಲ್ಲಿ ಮೊದಲ ಟೆಸ್ಟ್ ಜುಲೈ 5ಕ್ಕೆ. ವರ್ಷವಿಡೀ ಆಡಿ ದಣಿದ ದೊಡ್ಡ ಹೆಸರುಗಳನ್ನು ಮನೆಯಲ್ಲಿ ಬಿಟ್ಟು, ಅನ್‌ಕ್ಯಾಪ್ಡ್ ಹುಡುಗರನ್ನು ಜಾಸ್ತಿ ಕರೆದುಕೊಂಡು ಹೋದರು. ಸರಣಿ 3-0 ಸೋತರು. ಆದರೂ ಮೊದಲ ಟೆಸ್ಟ್‌ನಲ್ಲಿ ಅಂತರ ನಾಲ್ಕೇ ಪಾಯಿಂಟ್, 31-27. ಆರಾಮ ಕೊಟ್ಟದ್ದಕ್ಕೂ ಹೊರಗೆ ಹಾಕಿದ್ದಕ್ಕೂ ಒಂದೇ ಪದ ಬಳಸಿದರೆ ಆಟಗಾರನಿಗೆ ಅನ್ಯಾಯ. ‘ವಿಶ್ರಾಂತಿ ನೀಡಿತು’ ಅನ್ನಿ.

ಇನ್ನು ಕ್ಯಾಪ್. ‘ಟೋಪಿ’ ಬೇಡ. ಕನ್ನಡದಲ್ಲಿ ಟೋಪಿ ಹಾಕುವುದು ಅಂದರೆ ಮೋಸ ಮಾಡುವುದು. ‘ದೇಶಕ್ಕೆ 158 ಟೋಪಿ ಹಾಕಿದ’ ಅಂತ ಬರೆದು ನೋಡಿ. ವೇಲ್ಸ್‌ಗೆ 158 ಪಂದ್ಯ ಮೈ ಮುರಿದು ಆಡಿದ ಜೋನ್ಸ್‌ರನ್ನು ಕಳ್ಳನ ಸಾಲಿಗೆ ನಿಲ್ಲಿಸಿದ ಹಾಗಾಗುತ್ತದೆ. ಪಂದ್ಯಕ್ಕೊಂದು ಟೋಪಿ ಕೊಡುವ ಪದ್ಧತಿಯೂ ರಗ್ಬಿಯಲ್ಲಿ ಇಲ್ಲ. ಕ್ಯಾಪ್ ಅನ್ನುವುದು ಎಣಿಕೆ.

‘ದೇಶಕ್ಕಾಗಿ 170 ಪಂದ್ಯ’ವೂ ತಪ್ಪು. ವೇಲ್ಸ್‌ಗೆ ಆಡಿದ್ದು 158. ಉಳಿದ 12 ಲಯನ್ಸ್‌ಗೆ. ಲಯನ್ಸ್ ದೇಶವಲ್ಲ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಎಂಬ ನಾಲ್ಕು ತಂಡಗಳಿಂದ ಆರಿಸಿ ಕಟ್ಟಿದ ತಂಡ. 1997ರಲ್ಲಿ ವಿಲ್ ಗ್ರೀನ್‌ವುಡ್ ಇಂಗ್ಲೆಂಡ್‌ಗೆ ಒಂದೂ ಟೆಸ್ಟ್ ಆಡದೆಯೇ ಲಯನ್ಸ್ ಪ್ರವಾಸಕ್ಕೆ ಆಯ್ಕೆಯಾಗಿದ್ದರು. ಹಾಗಾಗಿ ‘ದೇಶ’ವನ್ನು ಬಿಟ್ಟು ‘ಟೆಸ್ಟ್’ ಹಿಡಿದುಕೊಳ್ಳಿ. ಕ್ಯಾಪ್ ಅಂದರೆ ಆಡಿದ ಟೆಸ್ಟ್. ಅನ್‌ಕ್ಯಾಪ್ಡ್ ಅಂದರೆ ಇನ್ನೂ ಟೆಸ್ಟ್ ಆಡದವನು. ‘ಹೊಸಬ’ ಅನ್ನಬೇಡಿ, ಕ್ಲಬ್‌ಗೆ ನೂರು ಪಂದ್ಯ ಆಡಿದವನೂ ಅನ್‌ಕ್ಯಾಪ್ಡ್ ಆಗಿರಬಹುದು.

‘ಆಡಿದ’ ಅನ್ನುವುದು ಮುಖ್ಯ. 23ರಲ್ಲಿ ಹೆಸರಿದ್ದು, 80 ನಿಮಿಷ ಬೆಂಚಿನಲ್ಲೇ ಕುಳಿತು ಎದ್ದು ಬಂದರೆ ಕ್ಯಾಪ್ ಇಲ್ಲ. ಕೊನೆಯ ನಿಮಿಷಕ್ಕೆ ಒಳಗೆ ಓಡಿದರೂ ಕ್ಯಾಪ್ ಇದೆ.

ನಮ್ಮ ಓದುಗರಿಗೆ ಟೆಸ್ಟ್ ಅಂದರೆ ಐದು ದಿನದ ಕ್ರಿಕೆಟ್. ಒಂದು ಕಡೆ ಬಿಡಿಸಿ ಹೇಳಿ: ಎರಡು ಅಂತರರಾಷ್ಟ್ರೀಯ ತಂಡಗಳ ನಡುವಿನ ಪೂರ್ಣ ಮಾನ್ಯತೆಯ ಪಂದ್ಯ, 80 ನಿಮಿಷದ್ದು. ಐರ್ಲೆಂಡ್ 2022ರಲ್ಲಿ ಮಾವೋರಿ ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್‌ನ ಮಾವೋರಿ ಮೂಲದ ಆಟಗಾರರ ತಂಡ) ಎದುರು ವಾರದ ನಡುವೆ ಎರಡು ಪಂದ್ಯ ಆಡಿತು. ಅವು ಟೆಸ್ಟ್ ಅಲ್ಲ.

ಸ್ಕ್ವಾಡ್‌ಗೆ ಹೊಸ ಪದ ಬೇಡ. ಕ್ರಿಕೆಟ್ ವರದಿಯಲ್ಲಿ ‘ಆಡುವ 11ರ ಬಳಗ’ ಅಂತ ಬರೆಯುತ್ತೇವಲ್ಲ, ಅದೇ ದಾರಿ. 38 ಜನ ಪ್ರವಾಸಿ ತಂಡ. ಪಂದ್ಯಕ್ಕೆ 23ರ ಬಳಗ. ಕಣಕ್ಕಿಳಿಯುವ 15.

———

ಹದಿನೈದು ವರ್ಷ ಬರೆದದ್ದು ಇದನ್ನೇನಾ? ಕ್ಯಾಪ್, ಅನ್‌ಕ್ಯಾಪ್ಡ್, ಟೆಸ್ಟ್, ಬೆಂಚ್. ಕನ್ನಡ ಉಳಿದದ್ದು ವಿಭಕ್ತಿಯಲ್ಲಿ ಮಾತ್ರ. ತಂಡಕ್ಕೆ ಕರೆ ಬಂದರೆ ನಿಮ್ಮ ಪತ್ರಿಕೆಗಳು ‘ಬುಲಾವ್’ ಅನ್ನುತ್ತವೆ. ‘ಕರೆ’ಗೆ ಏನಾಗಿತ್ತು? ಒಂದಕ್ಷರವೂ ಉಳಿತಾಯವಿಲ್ಲ.

———

‘ಬುಲಾವ್’ ವಿಷಯದಲ್ಲಿ ಒಪ್ಪುತ್ತೇನೆ. ಇದ್ದ ಪದವನ್ನು ಕೆಡವಿ ಅದರ ಜಾಗದಲ್ಲಿ ಕುಳಿತ ಪದ ಅದು. 2017ರ ನ್ಯೂಜಿಲೆಂಡ್ ಪ್ರವಾಸದ ನಡುವೆ ಲಯನ್ಸ್ ಕೋಚ್ ವಾರೆನ್ ಗ್ಯಾಟ್ಲೆಂಡ್ ವೇಲ್ಸ್‌ನ ನಾಲ್ವರನ್ನು, ಸ್ಕಾಟ್ಲೆಂಡ್‌ನ ಇಬ್ಬರನ್ನು ಸೇರಿಸಿಕೊಂಡರು. ಆ ಎರಡೂ ತಂಡಗಳು ಹತ್ತಿರದಲ್ಲೇ ಆಡುತ್ತಿದ್ದವು ಅನ್ನುವ ಕಾರಣಕ್ಕೆ. ಯೋಗ್ಯತೆಗೆ ಬದಲು ಹತ್ತಿರ ಇದ್ದವರಿಗೆ ಜೆರ್ಸಿ ಕೊಟ್ಟರು ಅಂತ ದೊಡ್ಡ ಗಲಾಟೆ ಆಯಿತು. ಅದನ್ನು ಬರೆಯಲು ‘ಕರೆ’ಯೇ ಬೇಕು. ‘ಹತ್ತಿರ ಇದ್ದವರನ್ನು ಕರೆದರು’ ಅಂದರೆ ಜಗಳ ಏನೆಂದು ಅರ್ಧ ಹೇಳಿದ ಹಾಗೆ.

ಆದರೆ ಕ್ಯಾಪ್ ಯಾವ ಕನ್ನಡ ಪದವನ್ನು ಕೆಡವಿತು? ಆ ವಸ್ತುವೂ ಇಲ್ಲಿರಲಿಲ್ಲ, ಆ ಎಣಿಕೆಯೂ ಇರಲಿಲ್ಲ. ವಸ್ತುವಿನ ಜೊತೆ ಹೆಸರು ಬಂತು. ಎಲ್ಲ ಎರವಲಿಗೂ ಒಂದೇ ಕೋಲು ಎತ್ತಬೇಡಿ.

———

ಪದ ಕಟ್ಟುವ ಕಸುವು ಹೀಗೇ ಸಾಯುವುದು. ವಸ್ತು ಬಂತು, ಹೆಸರು ಬಂತು ಅಂತ ಕೈಕಟ್ಟಿ ಕೂತರೆ ಮುಂದಿನವರಿಗೆ ಕಟ್ಟುವ ಅಭ್ಯಾಸವೇ ಇರುವುದಿಲ್ಲ. ‘ಟೈಟ್‌ಹೆಡ್’ಗೆ ‘ಬಿಗಿತಲೆ’ ಅಂತ ನಾನು ಹಿಂದೆಯೇ ಹೇಳಿದ್ದೆ. ಅವನು ಮುಂದಿನ ಸಾಲಿನ ಒಂದು ಬದಿಯ ಆಟಗಾರ. ಸ್ಕ್ರಮ್‌ನಲ್ಲಿ, ಅಂದರೆ ಎರಡೂ ಕಡೆಯವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವಾಗ, ಅವನ ತಲೆ ಎದುರಾಳಿಗಳಿಬ್ಬರ ನಡುವೆ ಸಿಕ್ಕಿಕೊಂಡಿರುತ್ತದೆ. ಪದವೇ ಚಿತ್ರ ಬಿಡಿಸುತ್ತದೆ.

———

‘ಲೂಸ್‌ಹೆಡ್’ಗೆ ಏನು, ‘ಸಡಿಲತಲೆ’ಯಾ? ಹೊರಬದಿಯಲ್ಲಿ ತಲೆ ಬಿಡುವಾಗಿರುವವನನ್ನು ಬುದ್ಧಿ ಸಡಿಲ ಅಂದ ಹಾಗಾಯಿತು. ಒಂದು ಹೊಂದಿತು ಅಂತ ಜೋಡಿಯನ್ನು ಮರೆಯಬಾರದು. ಎರಡಕ್ಕೂ ಹೊಂದಿದರೆ ಮಾತ್ರ ಅದು ಪದ.

———

> ಎರಡಕ್ಕೂ ಹೊಂದಿದರೆ ಮಾತ್ರ

‘ಬಿಡುತಲೆ’. ಹೊಂದುತ್ತದೆ.

———

ಮತ್ತೆ ನಾನೇ. ಇನ್ನು ಕಾಯಲಾಗದು, ಆರಿಸಿಕೊಂಡೆ.

‘ಬೇಸಿಗೆ’ ಹೋಯಿತು. ‘ನಡುವರ್ಷದ ಪ್ರವಾಸ’ ಅಂತ ಇಟ್ಟಿದ್ದೇನೆ. ಅರಿಸಮಾಸ ಅಂತ ಬೈಯುವವರು ಬೈಯಲಿ. ಜೂನ್‌ಗೂ ಜುಲೈಗೂ ಹೊಂದುತ್ತದೆ, ಯಾವ ಗೋಳದವರಿಗೂ ಸುಳ್ಳಾಗುವುದಿಲ್ಲ. ‘ತಿರುಗಾಟ’ ನನಗೆ ತುಂಬಾ ಇಷ್ಟವಾಯಿತು. ಲಯನ್ಸ್ ಒಂದೇ ಪ್ರವಾಸದಲ್ಲಿ ಊರಿಂದೂರಿಗೆ ಹೋಗಿ, ವಾರದ ನಡುವೆಯೂ ಆಡುವ ಭಾಗಕ್ಕೆ ಅದನ್ನು ಬಳಸಿದ್ದೇನೆ: ‘ಬ್ರಿಸ್ಬೇನ್, ಮೆಲ್ಬರ್ನ್, ಸಿಡ್ನಿಗಳಲ್ಲಿ ಮೂರು ಟೆಸ್ಟ್, ಅವುಗಳ ನಡುವೆ ತಿರುಗಾಟ.’ ಅಲ್ಲಿ ಚೆನ್ನಾಗಿ ಕೂತಿದೆ.

ಜೋನ್ಸ್ ಸಾಲು ಹೀಗಾಯಿತು: ‘ವೇಲ್ಸ್‌ಗೆ 158, ಲಯನ್ಸ್‌ಗೆ 12, ಒಟ್ಟು 170 ಟೆಸ್ಟ್.’ ಫ್ರಾನ್ಸ್‌ನವರಿಗೆ ವಿಶ್ರಾಂತಿ ಕೊಟ್ಟೆ. 38, 23, 15ಕ್ಕೆ ಪ್ರವಾಸಿ ತಂಡ, ಬಳಗ, ಕಣಕ್ಕಿಳಿದವರು. ಗ್ಯಾಟ್ಲೆಂಡ್ ‘ಕರೆದರು’. ಬಿಗಿತಲೆ, ಬಿಡುತಲೆ ಎರಡನ್ನೂ ಟೈಟ್‌ಹೆಡ್, ಲೂಸ್‌ಹೆಡ್ ಪಕ್ಕದಲ್ಲಿ ಒಂದು ಸಲ ಕೊಟ್ಟಿದ್ದೇನೆ. ಓದುವವರು ಹಿಡಿದುಕೊಂಡರೆ ಉಳಿಯುತ್ತವೆ.

ಚಿತ್ರದ ಅಡಿಗೆ ಇದು ಹೋಗುತ್ತಿದೆ. ತಪ್ಪಿದ್ದರೆ ಹತ್ತು ಗಂಟೆಯೊಳಗೆ ಹೇಳಿ:

‘ಕ್ಯಾಪ್. ಟೆಸ್ಟ್ ಆಡಿದ ಆಟಗಾರನಿಗೆ ಕೊಡುವ ಮಖಮಲ್ಲಿನ ಕುಚ್ಚುಟೋಪಿ. ಅವನು ಆಡಿದ ಟೆಸ್ಟ್‌ಗಳ ಎಣಿಕೆಗೂ ಇದೇ ಹೆಸರು.’

———

‘ಕುಚ್ಚುಟೋಪಿ’ ಚೆನ್ನಾಗಿದೆ. ಕಳಿಸಿ.